ಪಂಪ್‌ಮನೆಯ ರೂಟರಿಗೆ ಸಿ ಸ್ಥಿರಾಂಕಗಳನ್ನು ತಲುಪಿಸಿದ್ದು: ಐದು ವಾರಾಂತ್ಯಗಳ ಕೆಲಸದ ದಾಖಲೆ

ತೋಟದ ಪಂಪ್‌ಮನೆಯಲ್ಲಿರುವ ವಿದ್ಯುತ್ ಮೀಟರಿನ ಅಂಕಿಗಳನ್ನು ಹತ್ತು ಸೆಕೆಂಡಿಗೊಮ್ಮೆ ಓದಿ ಮನೆಯ ಕಂಪ್ಯೂಟರಿಗೆ ಕಳಿಸಬೇಕಿತ್ತು. ಒಂದು ಶನಿವಾರದಲ್ಲಿ ಮುಗಿಯುತ್ತದೆ ಎಂದು ಕೈ ಹಾಕಿದ ಕೆಲಸ ಐದು ವಾರಾಂತ್ಯಗಳನ್ನು ತಿಂದಿತು. ತಂತಿ, ಮೀಟರ್, ಅಡಾಪ್ಟರ್ ಯಾವುದರಲ್ಲೂ ದೋಷವಿರಲಿಲ್ಲ. ದೋಷವಿದ್ದದ್ದು ಲುವಾ ಎಂಬ ಪ್ರೋಗ್ರಾಮಿಂಗ್ ಭಾಷೆಯ ಸ್ಕ್ರಿಪ್ಟಿನಲ್ಲಿ ನಾನು ಬರೆದಿಟ್ಟಿದ್ದ ಮೂರು ಸಂಖ್ಯೆಗಳಲ್ಲಿ. ಸಿ ಭಾಷೆಯ ಲೈಬ್ರರಿಯಲ್ಲಿ ಹೆಸರಿಟ್ಟು ಗೊತ್ತುಮಾಡಿದ ಸಂಖ್ಯೆಗಳನ್ನು, ಅಂದರೆ ಸ್ಥಿರಾಂಕಗಳನ್ನು, ಸ್ಕ್ರಿಪ್ಟಿಂಗ್ ಭಾಷೆಗೆ ಒದಗಿಸುವ ಕೆಲಸ ಮುಂದೆ ಯಾರ ಪಾಲಿಗಾದರೂ ಬಂದರೆ ಅವರ ಒಂದು ವಾರವಾದರೂ ಉಳಿಯಲಿ ಎಂದು, ಆದದ್ದನ್ನು ಆದ ಕ್ರಮದಲ್ಲೇ ಬರೆದಿದ್ದೇನೆ.

ಸಿ ಹೆಸರುಗಳನ್ನು ಇಲ್ಲಿ ಕನ್ನಡ ಲಿಪಿಯಲ್ಲಿ ಕೊಟ್ಟಿದ್ದೇನೆ. ನಿಜವಾದ ಕಡತಗಳಲ್ಲಿ ಅವು ಇಂಗ್ಲಿಷಿನ ದೊಡ್ಡಕ್ಷರಗಳಲ್ಲಿರುತ್ತವೆ.

ಜೂನ್ 7, ಶನಿವಾರ: ಮೇಜಿನ ಮೇಲೆ

ಸಾಮಾನು: ಮನೆಯಲ್ಲಿ ಮೂಲೆ ಸೇರಿದ್ದ ಹಳೆಯ ರೂಟರ್ ಒಂದು. 32 ಬಿಟ್‌ನ ಮಿಪ್ಸ್ ಪ್ರೊಸೆಸರ್, 16 ಎಂಬಿ ಫ್ಲ್ಯಾಶ್, 128 ಎಂಬಿ ರ್‍ಯಾಮ್. ಅದರಲ್ಲಿ ರೂಟರುಗಳಿಗೆಂದೇ ಇರುವ ಲಿನಕ್ಸ್ ಆದ ಓಪನ್‌ಡಬ್ಲ್ಯುಆರ್‌ಟಿ ಹಾಕಿದ್ದೆ. ಯುಎಸ್‌ಬಿಯಿಂದ ಮೀಟರಿನ ಸೀರಿಯಲ್ ಸಾಲಾದ ಆರ್‌ಎಸ್‌485ಗೆ ಬದಲಾಯಿಸುವ ಅಡಾಪ್ಟರಿಗೆ ₹280, ಹೆಣೆದ ಜೋಡಿ ತಂತಿ 12 ಮೀಟರಿಗೆ ₹360. ಮಾಡ್‌ಬಸ್ ಎಂಬ ಪ್ರಶ್ನೋತ್ತರದ ನಿಯಮದಲ್ಲಿ ಮಾತನಾಡುವ ಮೀಟರ್ ಮೊದಲೇ ಇತ್ತು.

ಭಾಷೆ ಲುವಾ 5.1. ಪೈಥಾನ್ ಹಾಕಿದರೆ 16 ಎಂಬಿಯಲ್ಲಿ ಬೇರೇನಕ್ಕೂ ಜಾಗ ಉಳಿಯುವುದಿಲ್ಲ. ಬ್ರೆಜಿಲ್‌ನಲ್ಲಿ 1993ರಲ್ಲಿ ಹುಟ್ಟಿದ ಲುವಾ ಮೊದಲಿನಿಂದಲೂ ಸಿ ಪ್ರೋಗ್ರಾಮಿನ ಮಗ್ಗುಲಲ್ಲಿ ಕೂರಲೆಂದೇ ಬೆಳೆದ ಭಾಷೆ. ಅದನ್ನು ಸಿ ಜೊತೆ ಬೆಸೆಯುವುದು ಸಲೀಸು. ಲುವಾಪೊಸಿಕ್ಸ್ ಎಂಬ ಸಿದ್ಧ ಲೈಬ್ರರಿ ಇದೆಯೆಂದು ಗೊತ್ತಿತ್ತು. ಆದರೆ ನನಗೆ ಬೇಕಾದದ್ದು ಐದೇ ಕರೆಗಳು: ತೆರೆ, ಓದು, ಬರೆ, ಮುಚ್ಚು, ಸೀರಿಯಲ್ ಪೋರ್ಟನ್ನು ಕಚ್ಚಾ ಸ್ಥಿತಿಗೆ ತರು. ಸುಮಾರು 90 ಸಾಲಿನ ಸಿ ಕಡತದಲ್ಲಿ ಅವನ್ನು ಬರೆದೆ.

ಕಡತ ತೆರೆಯುವ ಕರೆಗೆ ಮೂರು ಗುರುತುಗಳನ್ನು ಕೊಡಬೇಕು. ಓದು-ಬರಹ ಎರಡಕ್ಕೂ ತೆರೆ ಎನ್ನುವ ಓ_ಆರ್‌ಡಿಡಬ್ಲ್ಯುಆರ್, ಈ ಪೋರ್ಟನ್ನು ನನ್ನ ಟರ್ಮಿನಲ್ ಆಗಿಸಬೇಡ ಎನ್ನುವ ಓ_ನೋಸಿಟಿಟಿವೈ, ಉತ್ತರ ಬರುವವರೆಗೆ ಕಾಯುತ್ತಾ ನಿಲ್ಲಬೇಡ ಎನ್ನುವ ಓ_ನಾನ್‌ಬ್ಲಾಕ್. ಲುವಾಗೆ ಈ ಹೆಸರುಗಳು ಗೊತ್ತಿಲ್ಲ. ಸಿ ಹೆಸರುಗಳಿಗೆ ಸಂಖ್ಯೆ ಕೊಡುವ ಲ್ಯಾಪ್‌ಟಾಪಿನ ಹೆಡರ್ ಕಡತ ತೆರೆದು ಅಲ್ಲಿದ್ದ ಸಂಖ್ಯೆಗಳನ್ನು ನಕಲು ಮಾಡಿದೆ: 02, 0400, 04000.

ಮೊದಲ ತಪ್ಪು ಅಲ್ಲೇ ಆಯಿತು. ಸಿ ಭಾಷೆಯಲ್ಲಿ ಸೊನ್ನೆಯಿಂದ ಶುರುವಾಗುವ ಸಂಖ್ಯೆ ಅಷ್ಟಮಾನದ್ದು, ಅಂದರೆ ಎಂಟರ ಲೆಕ್ಕದ್ದು. 0400 ಎಂದರೆ 256. ಲುವಾದಲ್ಲಿ ಅಷ್ಟಮಾನದ ಬರಹವೇ ಇಲ್ಲ. 0400 ಎಂದು ಬರೆದರೆ ಅದು ನೆಟ್ಟಗೆ ನಾನೂರು. ಮೂರನ್ನೂ ಕೂಡಿದಾಗ 4402 ಆಯಿತು. ಆ ಸಂಖ್ಯೆಯ ಬಿಟ್‌ಗಳನ್ನು ಬಿಡಿಸಿದರೆ 4096, 256, 32, 16, 2. ನನಗೆ ಬೇಕಿದ್ದ 2048 ಅದರಲ್ಲಿ ಇಲ್ಲವೇ ಇಲ್ಲ. ಆದರೂ ಪೋರ್ಟ್ ತೆರೆಯಿತು. ಲಿನಕ್ಸ್‌ನ ಈ ಕರೆ ತನಗೆ ಪರಿಚಯವಿಲ್ಲದ ಬಿಟ್‌ಗಳನ್ನು ಕಂಡರೆ ದೂರುವುದಿಲ್ಲ, ಸುಮ್ಮನೆ ಬಿಟ್ಟುಬಿಡುತ್ತದೆ. ಓದುವ ಕರೆ ಮಾತ್ರ ಹೋಗಿ ನಿಂತದ್ದು ಮರಳಲಿಲ್ಲ. ಇದನ್ನು ಹಿಡಿಯಲು ಎರಡು ಗಂಟೆ ಬೇಕಾಯಿತು.

ದಶಮಾನಕ್ಕೆ ತಂದು 2, 256, 2048 ಎಂದು ತಿದ್ದಿದೆ. ಮೊತ್ತ 2306. ಸಂಜೆಯ ಹೊತ್ತಿಗೆ ಲ್ಯಾಪ್‌ಟಾಪಿನಲ್ಲಿ ಮೀಟರಿನ ವೋಲ್ಟೇಜ್ ಸಾಲುಸಾಲಾಗಿ ಬರತೊಡಗಿತು.

ಜೂನ್ 8, ಭಾನುವಾರ: ಪಂಪ್‌ಮನೆಗೆ

ಸಿ ಕಡತವನ್ನು ಮಿಪ್ಸ್‌ಗಾಗಿ ಕಂಪೈಲ್ ಮಾಡಿದೆ, ಲುವಾ ಸ್ಕ್ರಿಪ್ಟನ್ನು ಇದ್ದಂತೆಯೇ ರೂಟರಿಗೆ ಹಾಕಿದೆ, ಪೆಟ್ಟಿಗೆಯೊಳಗೆ ಕೂರಿಸಿ ಬಂದೆ. ಅಂಕಿಗಳು ಬಂದವು.

ಒಂದು ಸೂಚನೆ ಅಂದೇ ಸಿಕ್ಕಿತ್ತು, ನಾನು ಗಮನ ಕೊಡಲಿಲ್ಲ. ಮೀಟರಿನ ತಂತಿ ಬಿಚ್ಚಿ ನೋಡಿದಾಗ ಸ್ಕ್ರಿಪ್ಟ್ ‘ಉತ್ತರವಿಲ್ಲ’ ಎಂದು ಬರೆದು ಮುಂದೆ ಹೋಗಬೇಕಿತ್ತು. ಲ್ಯಾಪ್‌ಟಾಪಿನಲ್ಲಿ ಹಾಗೆಯೇ ಆಗುತ್ತಿತ್ತು. ರೂಟರಿನಲ್ಲಿ ಅದು ನಿಂತೇ ಬಿಟ್ಟಿತು. ರೂಟರ್ ನಿಧಾನ ಇರಬೇಕು ಅಂದುಕೊಂಡು ತಂತಿಯನ್ನು ಮತ್ತೆ ಸಿಕ್ಕಿಸಿದೆ. ಒಂದೇ ಸ್ಕ್ರಿಪ್ಟ್ ಎರಡು ಯಂತ್ರಗಳಲ್ಲಿ ಎರಡು ಥರ ನಡೆದುಕೊಂಡರೆ ಅಲ್ಲೇ ನಿಂತು ಕೇಳಬೇಕಿತ್ತು. ಮುಂದಿನ ಒಂದು ವಾರ ಹೋದದ್ದು ಈ ಒಂದು ಅಸಡ್ಡೆಯಿಂದ.

ಜೂನ್ 9ರಿಂದ 13: ತಪ್ಪು ಜಾಗದಲ್ಲಿ ಹುಡುಕಾಟ

ಸೋಮವಾರ ರಾತ್ರಿ ವಿದ್ಯುತ್ ಹೋಗಿ ಬಂತು. ಆಮೇಲೆ ಒಂದು ಅಂಕಿಯೂ ಬರಲಿಲ್ಲ. ಮಂಗಳವಾರ ರೂಟರನ್ನು ಆರಿಸಿ ಹಚ್ಚಿದರೆ ಸರಿಹೋಯಿತು. ಬುಧವಾರ ಮತ್ತೆ ಹೋಯಿತು. ಆ ದಿನ ಆರಿಸಿ ಹಚ್ಚಿದರೂ ಸರಿಹೋಗಲಿಲ್ಲ. ಅಡಾಪ್ಟರನ್ನು ಕಿತ್ತು ಸಿಕ್ಕಿಸಿದರೂ ಪ್ರಯೋಜನವಾಗಲಿಲ್ಲ.

ಮಳೆಗಾಲ ಶುರುವಾಗಿತ್ತು, ಅನುಮಾನವೆಲ್ಲ ತೇವದ ಮೇಲೆ ಹೋಯಿತು. ಎ ಮತ್ತು ಬಿ ತಂತಿಗಳನ್ನು ಅದಲುಬದಲು ಮಾಡಿದೆ. ಸಾಲಿನ ತುದಿಗೆ 120 ಓಮ್‌ನ ರೆಸಿಸ್ಟರ್ ಹಾಕಿದೆ. ಜೋಡಣೆಗಳನ್ನೆಲ್ಲ ಬಿಚ್ಚಿ ಮತ್ತೆ ಬೆಸುಗೆ ಹಾಕಿದೆ. ಕೊನೆಗೆ ಇನ್ನೊಂದು ಅಡಾಪ್ಟರ್ ತಂದೆ, ಮತ್ತೆ ₹280. ಯಾವುದೂ ತಪ್ಪಲ್ಲದ್ದರಿಂದ ಯಾವುದನ್ನು ಬದಲಿಸಿದರೂ ಅಷ್ಟೇ ಆಯಿತು.

ಜೂನ್ 14, ಶನಿವಾರ: 23,112 ಬೈಟು

ಶುಕ್ರವಾರ ರಾತ್ರಿ 10.40ರ ಸುಮಾರಿಗೆ ವಿದ್ಯುತ್ ಹೋಗಿ ತಕ್ಷಣ ಮರಳಿತ್ತು. ಬೆಳಿಗ್ಗೆ 6.42ಕ್ಕೆ ಲ್ಯಾಪ್‌ಟಾಪ್ ಹಿಡಿದು ಪಂಪ್‌ಮನೆಯಲ್ಲೇ ಕೂತೆ. ಬೇರೇನೂ ತೋಚದೆ, ಸಾಧನಗಳು ಕಡತಗಳಂತೆ ಕಾಣಿಸಿಕೊಳ್ಳುವ ಡೆವ್ ಡೈರೆಕ್ಟರಿಯ ಪಟ್ಟಿ ತೆಗೆದೆ.

ಸೀರಿಯಲ್ ಸಾಧನದ ಸಾಲು ‘ಸಿ’ ಅಕ್ಷರದಿಂದ ಶುರುವಾಗಬೇಕು. ಅಕ್ಷರ ಸಾಧನ ಎಂಬುದರ ಗುರುತು ಅದು. ಅದಕ್ಕೆ ಗಾತ್ರ ಇರುವುದಿಲ್ಲ, ಎರಡು ಸಾಧನ ಸಂಖ್ಯೆಗಳಿರುತ್ತವೆ. ನನ್ನ ಮುಂದಿದ್ದ ಟಿಟಿವೈಯುಎಸ್‌ಬಿ0 ಎಂಬ ಸಾಲಿನ ಮೊದಲಲ್ಲಿ ಬರಿಯ ಅಡ್ಡಗೆರೆ ಇತ್ತು. ಅನುಮತಿಯ ಅಕ್ಷರಗಳು ಒಂದಕ್ಕೊಂದು ಸಂಬಂಧವಿಲ್ಲದಂತೆ ಚೆಲ್ಲಿದ್ದವು. ಗಾತ್ರ 23,112 ಬೈಟು. ಅದು ಸಾಧನವಾಗಿರಲಿಲ್ಲ. ಸಾಧನದ ಹೆಸರು ಹೊತ್ತ ಸಾಮಾನ್ಯ ಕಡತವಾಗಿತ್ತು.

ಅದರ ಒಳಗನ್ನು ಹದಿನಾರರ ಲೆಕ್ಕದ ಹೆಕ್ಸ್‌ನಲ್ಲಿ ತೆಗೆದು ನೋಡಿದೆ. 01 03 00 00 00 02 ಸಿ4 0ಬಿ. ಮತ್ತೆ 01 03 00 00 00 02 ಸಿ4 0ಬಿ. ಪುಟದುದ್ದಕ್ಕೂ ಅದೇ ಎಂಟು ಬೈಟು. ಒಂದನೆಯ ಸಂಖ್ಯೆಯ ಮೀಟರೇ, ಮೊದಲ ಎರಡು ರಿಜಿಸ್ಟರ್‌ಗಳನ್ನು ಹೇಳು ಎಂಬ ನನ್ನದೇ ಪ್ರಶ್ನೆ ಅದು. 23,112ನ್ನು ಎಂಟರಿಂದ ಭಾಗಿಸಿದೆ: 2,889. ಹತ್ತು ಸೆಕೆಂಡಿಗೊಂದರಂತೆ ಎಂಟು ಗಂಟೆ, ಒಂದೂವರೆ ನಿಮಿಷ. ವಿದ್ಯುತ್ ಮರಳಿದ ಕ್ಷಣದಿಂದ ನಾನು ಬಂದು ಕೂರುವವರೆಗೆ ಸ್ಕ್ರಿಪ್ಟ್ ಮೀಟರಿಗೆ ಕೇಳಬೇಕಾದ ಪ್ರಶ್ನೆಯನ್ನು ಒಂದು ಕಡತದಲ್ಲಿ ಬರೆಯುತ್ತಾ ಕೂತಿತ್ತು. ಆ ಸಾಲುಗಳನ್ನು ನೋಡುತ್ತಾ ನಾನು ಎಷ್ಟೋ ಹೊತ್ತು ಅಲ್ಲಾಡಲಿಲ್ಲ.

ಆ ಕಡತವನ್ನು ಹುಟ್ಟಿಸಿದವರು ಯಾರು? ರೂಟರಿನಲ್ಲಿ ಸ್ಟ್ರೇಸ್ ಹಾಕಿ ಸ್ಕ್ರಿಪ್ಟನ್ನು ಅದರಡಿ ಓಡಿಸಿದೆ. ಪ್ರೋಗ್ರಾಮು ಲಿನಕ್ಸ್‌ನ ತಿರುಳಾದ ಕರ್ನಲ್‌ಗೆ ಮಾಡುವ ಪ್ರತಿ ಕರೆಯನ್ನೂ ಅದು ಹೆಸರು ಹಿಡಿದು ತೋರಿಸುತ್ತದೆ. ಮೊದಲ ಪುಟದಲ್ಲೇ ಇತ್ತು: ಓ_ಆರ್‌ಡಿಡಬ್ಲ್ಯುಆರ್, ಓ_ಕ್ರಿಯೇಟ್, ಓ_ನೋಸಿಟಿಟಿವೈ. ಕಡತ ಇಲ್ಲದಿದ್ದರೆ ಹುಟ್ಟಿಸು ಎನ್ನುವ ಓ_ಕ್ರಿಯೇಟ್ ಅನ್ನು ನಾನು ಎಲ್ಲೂ ಕೇಳಿರಲಿಲ್ಲ. ಕೇಳಿದ್ದ ಓ_ನಾನ್‌ಬ್ಲಾಕ್ ಅಲ್ಲಿರಲಿಲ್ಲ.

ಮಿಪ್ಸ್‌ನ ಹೆಡರ್ ತೆರೆದಾಗ ಎಲ್ಲವೂ ಬಿಚ್ಚಿಕೊಂಡಿತು. ಲ್ಯಾಪ್‌ಟಾಪಿನ ಪ್ರೊಸೆಸರ್ ಬಗೆಯಾದ ಎಕ್ಸ್86ನಲ್ಲಿ 256 ಎಂದರೆ ಓ_ನೋಸಿಟಿಟಿವೈ. ಮಿಪ್ಸ್‌ನಲ್ಲಿ ಅದೇ 256 ಓ_ಕ್ರಿಯೇಟ್. ಎಕ್ಸ್86ನಲ್ಲಿ 2048 ಎಂದರೆ ಓ_ನಾನ್‌ಬ್ಲಾಕ್. ಮಿಪ್ಸ್‌ನಲ್ಲಿ ಅದೇ 2048 ಓ_ನೋಸಿಟಿಟಿವೈ. ಮಿಪ್ಸ್‌ನ ಓ_ನಾನ್‌ಬ್ಲಾಕ್ 128. ಎರಡೂ ಲಿನಕ್ಸೇ, ಪ್ರೊಸೆಸರ್ ಬೇರೆಯಾದರೆ ಸಂಖ್ಯೆಯೂ ಬೇರೆ. ನನ್ನ 2306 ಎರಡೂ ಕಡೆ ಅರ್ಥವುಳ್ಳ ಸಂಖ್ಯೆಯಾಗಿತ್ತು. ಎರಡು ಕಡೆ ಎರಡು ಅರ್ಥ.

ವಾರವಿಡೀ ಕಂಡದ್ದೆಲ್ಲ ಇದರಿಂದ ಹೊಂದಿಕೊಂಡಿತು. ವಿದ್ಯುತ್ ಮರಳಿದಾಗ ಅಡಾಪ್ಟರನ್ನು ಕರ್ನಲ್ ಗುರುತಿಸುವುದಕ್ಕೆ ಮೊದಲೇ ಸ್ಕ್ರಿಪ್ಟ್ ಎದ್ದರೆ ಸಾಧನದ ಜಾಗದಲ್ಲಿ ಕಡತ ಹುಟ್ಟುತ್ತದೆ. ಆ ಹೆಸರಿನಲ್ಲಿ ಏನೋ ಇರುವುದರಿಂದ ಆಮೇಲೆ ಬರುವ ನಿಜವಾದ ಸಾಧನಕ್ಕೆ ಜಾಗ ಸಿಗುವುದಿಲ್ಲ. ಅಡಾಪ್ಟರ್ ಮೊದಲು ಎದ್ದ ದಿನ ಎಲ್ಲ ಸರಿ. ಓ_ನಾನ್‌ಬ್ಲಾಕ್ ಇಲ್ಲದ್ದರಿಂದಲೇ ಭಾನುವಾರ ತಂತಿ ಬಿಚ್ಚಿದಾಗ ಅದು ನಿಂತದ್ದು. ನಡುವೆ ನನ್ನದೇ ಇನ್ನೊಂದು ತಪ್ಪು ಇದನ್ನು ಮುಚ್ಚಿಟ್ಟಿತ್ತು: ಪೋರ್ಟನ್ನು ಕಚ್ಚಾ ಸ್ಥಿತಿಗೆ ತರುವ ಕರೆ ಸಾಮಾನ್ಯ ಕಡತದ ಮೇಲೆ ಸೋಲುತ್ತದೆ, ಇದು ಟರ್ಮಿನಲ್ ಅಲ್ಲ ಎಂದು ದೋಷ ಸಂಖ್ಯೆ 25 ಕೊಡುತ್ತದೆ. ಅದು ಮರಳಿಸಿದ ಉತ್ತರವನ್ನು ನನ್ನ ಸಿ ಕಡತ ನೋಡುತ್ತಲೇ ಇರಲಿಲ್ಲ. ಅನುಮತಿಯ ಅಕ್ಷರಗಳು ಚೆಲ್ಲಾಪಿಲ್ಲಿಯಾಗಿದ್ದಕ್ಕೂ ನಾನೇ ಕಾರಣ. ಹುಟ್ಟಿಸು ಎಂದಾಗ ಮೂರನೆಯ ಮಾತಾಗಿ ಅನುಮತಿ ಕೊಡಬೇಕು. ಕೊಡದಿದ್ದರೆ ಆ ಜಾಗದಲ್ಲಿ ಆಗ ಏನಿತ್ತೋ ಅದೇ ಅನುಮತಿ.

ಜೂನ್ 15, ಭಾನುವಾರ: ಮತ್ತೆ ಅದೇ ಗುಂಡಿ

ಯಂತ್ರಕ್ಕೊಂದು ಸಂಖ್ಯೆಪಟ್ಟಿ ಇಟ್ಟುಕೊಂಡರಾಯಿತು ಎಂಬ ಯೋಚನೆ ಮೊದಲು ಬಂತು. ಪೈಥಾನ್ ಕೂಡ ಹಿಂದೆ ಆ ದಾರಿ ಹಿಡಿದಿತ್ತು. ಹೆಡರ್ ಕಡತಗಳನ್ನು ಪೈಥಾನ್ ಕಡತಗಳಾಗಿಸುವ ಸ್ಕ್ರಿಪ್ಟೊಂದು ಅದರ ಜೊತೆಯಲ್ಲೇ ಬರುತ್ತಿತ್ತು; ಹಾಗೆ ತೆಗೆದ ಸಂಖ್ಯೆಗಳು ಪ್ಲ್ಯಾಟ್-ಲಿನಕ್ಸ್2 ಎಂಬ ಡೈರೆಕ್ಟರಿಯಲ್ಲಿ ಹೆಪ್ಪುಗಟ್ಟಿ ಕೂತಿರುತ್ತಿದ್ದವು. ಅದನ್ನು ಆಮೇಲೆ ತೆಗೆದುಹಾಕಿದರು. ನಾನು ಕೈಯಿಂದ ನಕಲು ಮಾಡುವುದು ಬೇಡ, ಯಂತ್ರವೇ ಮಾಡಲಿ ಎಂದುಕೊಂಡೆ.

ಒಂದು ಚಿಕ್ಕ ಸಿ ಪ್ರೋಗ್ರಾಮ್ ಬರೆದೆ. ಪ್ರತಿ ಹೆಸರನ್ನೂ ಅದರ ಬೆಲೆಯನ್ನೂ ಲುವಾ ಟೇಬಲ್ಲಿನ ರೂಪದಲ್ಲಿ ಅಚ್ಚು ಹಾಕುವ ಪ್ರೋಗ್ರಾಮ್. ಕಟ್ಟುವ ಕೆಲಸ ನಡೆಸುವ ಮೇಕ್ ಅದನ್ನು ಕಂಪೈಲ್ ಮಾಡಿ ಓಡಿಸುತ್ತದೆ, ಬಂದದ್ದನ್ನು ಕಡತಕ್ಕೆ ಹಾಕುತ್ತದೆ. ನೋಡಲು ಚೊಕ್ಕವಾಗಿತ್ತು. ರೂಟರಿಗೆ ಹಾಕಿ ಅಡಾಪ್ಟರ್ ಕಿತ್ತು ಪರೀಕ್ಷೆ ಮಾಡಿದೆ. ಡೆವ್ ಡೈರೆಕ್ಟರಿಯಲ್ಲಿ ಮತ್ತೆ ಅದೇ ಅಡ್ಡಗೆರೆಯ ಕಡತ ಹುಟ್ಟಿತು.

ಟೇಬಲ್ ತೆರೆದರೆ ಓ_ಕ್ರಿಯೇಟ್ 64 ಎಂದಿತ್ತು. 64 ಎಕ್ಸ್86ನ ಬೆಲೆ. ಮೇಕ್ ಓಡುವುದು ಲ್ಯಾಪ್‌ಟಾಪಿನಲ್ಲಿ, ಪ್ರೋಗ್ರಾಮ್ ಓಡುವುದೂ ಅಲ್ಲೇ. ಅದು ಓದುವ ಹೆಡರ್ ಕೂಡ ಅಲ್ಲಿಯದೇ. ಒಂದು ಯಂತ್ರದಲ್ಲಿ ಕಂಪೈಲ್ ಮಾಡಿ ಇನ್ನೊಂದರಲ್ಲಿ ಓಡಿಸುವವರು ಕಟ್ಟುವ ಹೊತ್ತಿನಲ್ಲಿ ಏನನ್ನೂ ಓಡಿಸಿ ಬೆಲೆ ತಿಳಿಯಬಾರದು. ಇದನ್ನು ಓದಿ ತಿಳಿದಿದ್ದೆ. ಕೈಗೆ ಗೊತ್ತಾದದ್ದು ಅವತ್ತು.

ಜೂನ್ 21, ಶನಿವಾರ: ಹೆಸರು ಮಾತ್ರ ನನ್ನದು

ಈ ಬಾರಿ ನನ್ನ ಯಾವ ಕಡತದಲ್ಲೂ ಒಂದೇ ಒಂದು ಸಂಖ್ಯೆ ಇರಬಾರದು ಎಂದು ನಿರ್ಧರಿಸಿ ಕೂತೆ. ಹೆಸರುಗಳ ಪಟ್ಟಿ ನನ್ನದು, ಬೆಲೆ ತುಂಬುವುದು ಮಿಪ್ಸ್‌ನ ಕಂಪೈಲರ್. ಲುವಾಗೆ ಅದು ಸಿಗುವುದು ರೂಟರಿನಲ್ಲಿ, ಮಾಡ್ಯೂಲ್ ಎದ್ದಾಗ.

ಸಿ ಕಡತದಲ್ಲಿ ಎರಡು ಅಂಕಣದ ಅರೇ ಒಂದು: ಒಂದರಲ್ಲಿ ಹೆಸರಿನ ಪಠ್ಯ, ಇನ್ನೊಂದರಲ್ಲಿ ಬೆಲೆ. ಹೆಸರನ್ನು ಎರಡು ಸಲ ಬರೆಯಬಾರದೆಂದು ಒಂದು ಮ್ಯಾಕ್ರೋ, ಅಂದರೆ ಕಂಪೈಲಿಗೆ ಮೊದಲು ಬೇರೆ ಪಠ್ಯವಾಗಿ ಬಿಡಿಸಿಕೊಳ್ಳುವ ಹೆಸರು. ಅದರಲ್ಲಿ ಹ್ಯಾಷ್ ಚಿಹ್ನೆ ಹಾಕಿದರೆ ಕೊಟ್ಟ ಹೆಸರು ಪಠ್ಯವಾಗುತ್ತದೆ, ಹಾಕದಿದ್ದರೆ ಬೆಲೆಯಾಗುತ್ತದೆ. ಮಾಡ್ಯೂಲ್ ತೆರೆಯುವ ಕರೆಯಲ್ಲಿ ಒಂದು ಹೊಸ ಟೇಬಲ್ ಮಾಡಿ, ಅರೇ ಉದ್ದಕ್ಕೂ ಸುತ್ತಿ, ಪ್ರತಿ ಬೆಲೆಯನ್ನು ಅದರ ಹೆಸರಿನಡಿ ಇಟ್ಟೆ. ಹದಿನೈದು ನಿಮಿಷದ ಕೆಲಸ. ರೂಟರಿನಲ್ಲಿ ಓ_ಕ್ರಿಯೇಟ್ ಕೇಳಿದರೆ 256 ಬಂತು, ಲ್ಯಾಪ್‌ಟಾಪಿನಲ್ಲಿ 64. ಅಂದು ಮೊದಲ ಬಾರಿಗೆ ಮನಸ್ಸಿಗೆ ನೆಮ್ಮದಿಯಾಯಿತು.

ಅಲ್ಲಿಗೆ ಬಿಡದೆ ಮ್ಯಾಕ್ರೋವನ್ನು ಚೆಂದ ಮಾಡಲು ಹೋದೆ. ಕಡತದ ಗುರುತುಗಳಿಗೆ ಒಂದು, ದೋಷ ಸಂಖ್ಯೆಗಳಿಗೆ ಒಂದು ಎಂದು ಎರಡು ಹೊರ ಮ್ಯಾಕ್ರೋ ಬರೆದು, ಅವು ಒಳಗಿನದನ್ನು ಕರೆಯುವಂತೆ ಮಾಡಿದೆ. ಎಚ್ಚರಿಕೆಯೊಂದೂ ಇಲ್ಲದೆ ಕಂಪೈಲ್ ಆಯಿತು. ರೂಟರಿನಲ್ಲಿ ಟೇಬಲ್ಲಿನ ಹೆಸರುಗಳನ್ನು ಅಚ್ಚು ಹಾಕಿಸಿದರೆ ‘02’, ‘0400’, ‘0200’ ಎಂದು ಬಂದವು. ಹೆಸರುಗಳ ಜಾಗದಲ್ಲಿ ಸಂಖ್ಯೆಗಳು. ಹೊರ ಮ್ಯಾಕ್ರೋ ಮೂಲಕ ಹಾದುಹೋಗುವಾಗ ಹೆಸರು ಅಲ್ಲೇ ಬಿಡಿಸಿಕೊಂಡು ಬೆಲೆಯಾಗಿಬಿಡುತ್ತದೆ. ಹ್ಯಾಷ್ ಚಿಹ್ನೆಗೆ ತಲುಪುವ ಹೊತ್ತಿಗೆ ಹೆಸರು ಉಳಿದಿರುವುದಿಲ್ಲ. ಹ್ಯಾಷ್ ಇರುವ ಮ್ಯಾಕ್ರೋವನ್ನು ನೇರವಾಗಿಯೇ ಕರೆಯಬೇಕು. ಹೊರಗಿನವನ್ನು ಕಿತ್ತೆಸೆದೆ.

ಕೆಲವು ಹೆಸರುಗಳು ಎಲ್ಲ ಯಂತ್ರಗಳಲ್ಲೂ ಇರುವುದಿಲ್ಲ. ಪ್ರತಿ ಹೆಸರಿನ ಸುತ್ತ ‘ಇದು ಇದ್ದರೆ ಮಾತ್ರ’ ಎಂಬ ಇಫ್‌ಡೆಫ್ ಸಾಲು ಬೇಕು. ಅದನ್ನು ಮ್ಯಾಕ್ರೋ ಒಳಗೆ ಹಾಕಲು ಸಿ ಬಿಡುವುದಿಲ್ಲ. ಆದ್ದರಿಂದ ಹೆಸರುಗಳನ್ನು ಸಾಲಿಗೊಂದರಂತೆ ಪಠ್ಯ ಕಡತದಲ್ಲಿಟ್ಟು, ಪ್ರತಿ ಹೆಸರಿಗೂ ಮೂರು ಸಾಲಿನ ಸಿ ಬರೆದುಕೊಡುವ ಆಕ್ ಸ್ಕ್ರಿಪ್ಟ್ ಮಾಡಿದೆ. ಅದು ಲ್ಯಾಪ್‌ಟಾಪಿನಲ್ಲಿ ಓಡಿದರೂ ತೊಂದರೆಯಿಲ್ಲ. ಅದು ಮುಟ್ಟುವುದು ಹೆಸರನ್ನಷ್ಟೇ.

ಜೂನ್ 22, ಭಾನುವಾರ: ಎಲ್ಲವನ್ನೂ ತುಂಬುವ ಆಸೆ

ಕಂಪೈಲರಿಗೆ ಹೇಳಿದರೆ ಒಂದು ಹೆಡರ್ ಒಳಗೊಂಡ ಎಲ್ಲ ಮ್ಯಾಕ್ರೋಗಳನ್ನೂ ಅದು ಸಾಲಾಗಿ ಉಗುಳುತ್ತದೆ. ಪಟ್ಟಿಯನ್ನು ಕೈಯಿಂದ ಬರೆಯುವುದೇಕೆ, ಅದರಿಂದಲೇ ತೆಗೆಯೋಣ ಎಂದು ಅರ್ಧ ದಿನ ಕಳೆದೆ. ಆವರಣವಿರುವ ಮ್ಯಾಕ್ರೋಗಳನ್ನು ಬಿಟ್ಟು ಉಳಿದದ್ದನ್ನೆಲ್ಲ ಪಟ್ಟಿಗೆ ಸೇರಿಸಿದೆ. ಬೆಲೆಯೇ ಇಲ್ಲದ ಮ್ಯಾಕ್ರೋಗಳಿಗೆ ಕಂಪೈಲರ್ ತಕರಾರು ಮಾಡಿತು, ಅವನ್ನು ಒಂದೊಂದಾಗಿ ಕಿತ್ತೆ.

ಕಡೆಗೆ ಕಂಪೈಲ್ ಆದಾಗ ಟೇಬಲ್ಲಿನಲ್ಲಿ ‘ಎರ್ನೋ’ ಎಂಬ ಹೆಸರೂ ಸೇರಿತ್ತು. ಕೊನೆಯ ದೋಷದ ಸಂಖ್ಯೆಯನ್ನು ಇಟ್ಟುಕೊಳ್ಳುವ ಎರ್ನೋ ನೋಡಲು ವೇರಿಯಬಲ್‌ನಂತಿದ್ದರೂ ಒಳಗೆ ಮ್ಯಾಕ್ರೋ. ಅದರ ಹಿಂದೆ ಒಂದು ಕರೆ ಅಡಗಿರುತ್ತದೆ. ನನ್ನ ಮಾಡ್ಯೂಲ್ ಎದ್ದ ಕ್ಷಣದಲ್ಲಿ ಅದು ಎಷ್ಟಿತ್ತೋ ಅಷ್ಟನ್ನೇ ಸ್ಥಿರಾಂಕ ಎಂದು ಕಟ್ಟಿಹಾಕಿತ್ತು. ಇದನ್ನು ನಂಬಿ ಸ್ಕ್ರಿಪ್ಟ್ ಬರೆದಿದ್ದರೆ ಇನ್ನೊಂದು ವಾರ ಹೋಗುತ್ತಿತ್ತು. ಯಾವುದು ಸ್ಥಿರಾಂಕ, ಯಾವುದು ಅಲ್ಲ ಎಂಬುದನ್ನು ಹೆಡರ್ ಹೇಳುವುದಿಲ್ಲ. ಮನುಷ್ಯ ಓದಿಯೇ ಆರಿಸಬೇಕು. ಕೈಬರಹದ ಪಟ್ಟಿಗೇ ಮರಳಿದೆ. 61 ಹೆಸರು. ಪ್ರತಿಯೊಂದನ್ನೂ ಕೈಪಿಡಿಯಲ್ಲಿ ನೋಡಿ ಸೇರಿಸಿದ್ದೇನೆ.

ಜೂನ್ 28 ಮತ್ತು 29: ಮೂರು ಮೌನ ದೋಷಗಳು

ಮಾಡ್‌ಬಸ್ ಫ್ರೇಮುಗಳನ್ನು ನಾನೇ ಕಟ್ಟುವುದನ್ನು ಬಿಟ್ಟು ಲಿಬ್‌ಮಾಡ್‌ಬಸ್ ಎಂಬ ಸಿ ಲೈಬ್ರರಿಗೆ ಒಪ್ಪಿಸಿದೆ. ಸಂಪರ್ಕ ಕಡಿದರೆ ತಾನೇ ಮತ್ತೆ ಜೋಡಿಸಿಕೊಳ್ಳುವ ಏರ್ಪಾಡು ಅದರಲ್ಲಿದೆ. ಅದಕ್ಕೆ ಮಾಡ್‌ಬಸ್_ಎರರ್_ರಿಕವರಿ_ಲಿಂಕ್ ಎಂಬ ಸ್ಥಿರಾಂಕ ಬೇಕು. ಪಟ್ಟಿಗೆ ಹೆಸರು ಸೇರಿಸಿದೆ, ಹೆಡರ್ ಸೇರಿಸಿದೆ, ಕಂಪೈಲ್ ಆಯಿತು. ಲುವಾದಲ್ಲಿ ಕೇಳಿದರೆ ನಿಲ್, ಅಂದರೆ ಏನೂ ಇಲ್ಲ.

ಹೆಡರ್ ತೆರೆದು ನೋಡಿದಾಗ ತಿಳಿಯಿತು: ಆ ಹೆಸರು ಮ್ಯಾಕ್ರೋ ಅಲ್ಲ, ಈನಮ್, ಅಂದರೆ ಸಂಖ್ಯೆಗಳಿಗೆ ಹೆಸರಿಡಲು ಸಿ ಭಾಷೆಯಲ್ಲಿರುವ ಇನ್ನೊಂದು ಬಗೆ. ಇಫ್‌ಡೆಫ್‌ಗೆ ಮ್ಯಾಕ್ರೋಗಳು ಮಾತ್ರ ಕಾಣುತ್ತವೆ. ಈನಮ್ ಹುಟ್ಟುವುದು ಆಮೇಲೆ, ನಿಜವಾದ ಕಂಪೈಲರಿನ ಕೈಯಲ್ಲಿ. ಆದ್ದರಿಂದ ನನ್ನ ಇಫ್‌ಡೆಫ್ ‘ಇಂಥದ್ದಿಲ್ಲ’ ಎಂದು ಸದ್ದಿಲ್ಲದೆ ಸಾಲನ್ನು ಬಿಟ್ಟುಬಿಟ್ಟಿತ್ತು. ಲಿನಕ್ಸ್‌ನ ಸಿ ಲೈಬ್ರರಿಯಾದ ಜಿಲಿಬ್‌ಸಿ ತನ್ನ ಸಾಕೆಟ್ ಈನಮ್‌ಗಳಿಗೆ ಅದೇ ಹೆಸರಿನ ಮ್ಯಾಕ್ರೋ ಒಂದನ್ನೂ ಪಕ್ಕದಲ್ಲೇ ಬರೆದಿಟ್ಟಿರುವುದು ಏಕೆ ಎಂಬುದು ನನಗೆ ಅರ್ಥವಾದದ್ದು ಆಗ. ಹೆಸರುಗಳನ್ನು ಎರಡು ಕಡತವಾಗಿ ಒಡೆದೆ. ಮ್ಯಾಕ್ರೋಗಳ ಪಟ್ಟಿಗೆ ಇಫ್‌ಡೆಫ್ ಇದೆ. ಈನಮ್‌ಗಳ ಪಟ್ಟಿಗೆ ಇಲ್ಲ. ಹೆಸರು ಇಲ್ಲದಿದ್ದರೆ ಕಂಪೈಲ್ ನಿಂತುಹೋಗಲಿ. ಬಿಟ್ಟುಹೋದ ಮ್ಯಾಕ್ರೋಗಳಿಗೂ ಈಗ ಕಂಪೈಲ್ ಹೊತ್ತಿನಲ್ಲಿ ಎಚ್ಚರಿಕೆಯ ಸಾಲು ಬರುತ್ತದೆ.

ಎರಡನೆಯದು ನಿಲ್‌ನ ಇನ್ನೊಂದು ಮುಖ. ಎರಡು ಸ್ಕ್ರಿಪ್ಟ್ ಒಟ್ಟಿಗೆ ಓಡಬಾರದೆಂದು ಬೀಗದ ಕಡತವೊಂದನ್ನು ಹುಟ್ಟಿಸುತ್ತಿದ್ದೆ. ಹುಟ್ಟಲಿಲ್ಲ. ಆ ಗುರುತಿನ ಇಂಗ್ಲಿಷ್ ಹೆಸರು ಸಿ-ಆರ್-ಇ-ಎ-ಟಿ ಎಂದು ಮುಗಿಯುತ್ತದೆ, ಕೊನೆಯ ಇ ಇಲ್ಲ. ಯೂನಿಕ್ಸ್ ಕಟ್ಟಿದ ಕೆನ್ ಥಾಂಪ್ಸನ್ ಅವರೇ ಮತ್ತೆ ಅವಕಾಶ ಸಿಕ್ಕರೆ ಆ ಇ ಸೇರಿಸುತ್ತೇನೆ ಎಂದಿದ್ದರು. ನಾನು ಅಭ್ಯಾಸಬಲದಿಂದ ಇ ಸೇರಿಸಿ ಬರೆದಿದ್ದೆ. ಟೇಬಲ್ಲಿನಲ್ಲಿ ಆ ಹೆಸರಿಲ್ಲ, ನಿಲ್ ಬಂತು. ನನ್ನ ಸಿ ಕಡತವೋ ‘ಏನೂ ಕೊಡದಿದ್ದರೆ ಸೊನ್ನೆ ಎಂದುಕೋ’ ಎಂದು ಓದುತ್ತಿತ್ತು. ಸೊನ್ನೆ ಎಂದರೆ ಓದಲು ಮಾತ್ರ ತೆರೆ. ತಪ್ಪು ಕಾಗುಣಿತಕ್ಕೂ ಒಂದು ಸರಿಯಾದ ಅರ್ಥ ಸಿಕ್ಕಿಬಿಟ್ಟಿತ್ತು. ಈಗ ಗುರುತು ಕಡ್ಡಾಯ. ಟೇಬಲ್ಲಿಗೂ ಮೆಟಾಟೇಬಲ್ ಹಾಕಿ, ಇಲ್ಲದ ಹೆಸರು ಕೇಳಿದರೆ ಕೇಳಿದ ಸಾಲಿನ ಸಂಖ್ಯೆಯೊಂದಿಗೆ ಅಲ್ಲೇ ದೋಷ ಎಸೆಯುವಂತೆ ಮಾಡಿದ್ದೇನೆ. ಇಡೀ ಕೆಲಸದಲ್ಲಿ ಅತಿ ಹೆಚ್ಚು ಉಪಕಾರ ಮಾಡಿದ ಐದು ಸಾಲುಗಳು ಅವು.

ಮೂರನೆಯದು ಚಿಹ್ನೆಯ ಗೊಂದಲ. ಮುಂದೆ ರೂಟರಿನ ಒಳಗಿನ ಸೀರಿಯಲ್ ಪೋರ್ಟಿಗೇ ಆರ್‌ಎಸ್‌485 ಚಿಪ್ ಬೆಸೆಯುವ ಆಸೆಯಿದೆ. ಅದಕ್ಕೆ ಬೇಕಾದ ಟಿಐಓಸಿಎಸ್‌ಆರ್‌ಎಸ್‌485 ಎಂಬ ಸ್ಥಿರಾಂಕ ಲ್ಯಾಪ್‌ಟಾಪಿನಲ್ಲಿ ಹೆಕ್ಸ್ 542ಎಫ್, ಅಂದರೆ 21551. ಮಿಪ್ಸ್‌ನಲ್ಲಿ ಅದು ಹೆಕ್ಸ್ ಸಿ020542ಎಫ್, ಅಂದರೆ 3223344175. ರೂಟರಿನ ಲುವಾದಲ್ಲಿ ನನಗೆ ಕಂಡದ್ದು −1071623121. ಲುವಾ 5.1ಕ್ಕೆ ಸಿ ಕಡೆಯಿಂದ ಪೂರ್ಣಾಂಕವಾಗಿ ಕೊಟ್ಟರೆ 32 ಬಿಟ್ ಯಂತ್ರದಲ್ಲಿ ಅದು ಚಿಹ್ನೆಯುಳ್ಳ 32 ಬಿಟ್ ಆಗಿಬಿಡುತ್ತದೆ. ದಶಮಾಂಶ ಸಂಖ್ಯೆಯಾಗಿ ಕೊಟ್ಟೆ. ಅದರಲ್ಲಿ 2ರ 53ನೇ ಘಾತದವರೆಗೆ ಪೂರ್ಣಾಂಕಗಳು ಚಾಚೂ ತಪ್ಪದೆ ಹಿಡಿಸುತ್ತವೆ. ಕೊಡುವ ಕಡೆ ತಿದ್ದಿ, ತೆಗೆದುಕೊಳ್ಳುವ ಕಡೆ ಮರೆತೆ. ಅಲ್ಲಿ ಇನ್ನೂ ಪೂರ್ಣಾಂಕವಾಗಿಯೇ ಓದುತ್ತಿದ್ದೆ, ಅಷ್ಟು ದೊಡ್ಡ ಸಂಖ್ಯೆ ಅದರಲ್ಲಿ ಹಿಡಿಸುವುದಿಲ್ಲ. ಎರಡೂ ಕಡೆ ಒಟ್ಟಿಗೆ ತಿದ್ದಬೇಕು.

ಜುಲೈ 5, ಶನಿವಾರ: ಕೊನೆಯ ಜೋಡಣೆ

ಲಾಗ್‌ನಲ್ಲಿ ದೋಷ ಸಂಖ್ಯೆಯ ಬದಲು ಹೆಸರು ಬರಲಿ ಎಂದು ಟೇಬಲ್ಲನ್ನು ತಿರುವಿದೆ. ಮೀಟರ್ ಉತ್ತರಿಸದಿದ್ದರೆ ಲ್ಯಾಪ್‌ಟಾಪ್ 110 ಎನ್ನುತ್ತದೆ, ರೂಟರ್ 145 ಎನ್ನುತ್ತದೆ, ಎರಡೂ ಇಟೈಮ್ಡ್‌ಔಟ್. ಹೆಸರಿದ್ದರೆ ಓದುವವರಿಗೆ ಗೊಂದಲವಿಲ್ಲ. ಇಲ್ಲೂ ಒಂದು ಮುಳ್ಳು: ಇಅಗೇನ್ ಮತ್ತು ಇವುಡ್‌ಬ್ಲಾಕ್ ಎರಡೂ 11. ತಿರುವಿದ ಟೇಬಲ್ಲಿನಲ್ಲಿ ಕೊನೆಗೆ ಬಂದ ಹೆಸರು ಉಳಿಯುತ್ತದೆ, ಟೇಬಲ್ ಸುತ್ತುವ ಕ್ರಮಕ್ಕೆ ಲುವಾ ಭರವಸೆ ಕೊಡುವುದಿಲ್ಲ. ಪಟ್ಟಿಗೆ ಬೇರಾವುದೋ ಹೆಸರು ಸೇರಿಸಿದಾಗ 11ರ ಹೆಸರು ಬದಲಾಯಿತು. ತಿರುವುವ ಕೆಲಸವನ್ನು ಸಿ ಅರೇಗೇ ಒಪ್ಪಿಸಿ, ಮೊದಲು ಬಂದ ಹೆಸರೇ ಉಳಿಯಲಿ ಎಂದು ಮಾಡಿದೆ.

ಗುರುತುಗಳನ್ನು ಕೂಡುವುದನ್ನೂ ಬಿಟ್ಟೆ. ಲುವಾ 5.1ರಲ್ಲಿ ಬಿಟ್ ಚಿಹ್ನೆಗಳಿಲ್ಲವೆಂದು ಇಷ್ಟು ದಿನ ಸಂಕಲನವನ್ನೇ ಬಳಸಿದ್ದೆ. ಒಂದೇ ಗುರುತು ಎರಡು ಸಲ ಬಂದರೆ ಮೊತ್ತ ಇನ್ನೊಂದೇ ಗುರುತಾಗುತ್ತದೆ: ಮಿಪ್ಸ್‌ನಲ್ಲಿ ಎರಡು ಓ_ನಾನ್‌ಬ್ಲಾಕ್ ಕೂಡಿದರೆ 256, ಮತ್ತೆ ಅದೇ ಓ_ಕ್ರಿಯೇಟ್. ಈಗ ಹೆಸರುಗಳನ್ನು ಸಾಲಾಗಿ ಕೊಟ್ಟರೆ ಸಿ ಒಳಗೆ ಅವು ಬಿಟ್ ಲೆಕ್ಕದಲ್ಲೇ ಸೇರುತ್ತವೆ.

ಒಟ್ಟು ಖರ್ಚು ₹920, ಅದರಲ್ಲಿ ₹280 ಬೇಡದ ಅಡಾಪ್ಟರಿನದು. ಪರೀಕ್ಷೆಗೆ ಎರಡೂ ಯಂತ್ರಗಳಲ್ಲಿ ಸ್ಟ್ರೇಸ್ ಅಡಿ ಓಡಿಸಿ, ನಾನು ಕೇಳಿದ ಹೆಸರುಗಳೂ ಅದು ತೋರಿಸಿದ ಹೆಸರುಗಳೂ ಒಂದೇ ಎಂದು ಸಾಲು ಸಾಲಾಗಿ ತಾಳೆ ನೋಡಿದೆ. ಆ ಹೆಸರುಗಳು ನನ್ನ ಮಾಡ್ಯೂಲಿನಿಂದ ಬರುವುದಿಲ್ಲ, ಹಾಗಾಗಿ ಅದರ ಸಾಕ್ಷ್ಯವನ್ನು ನಂಬಬಹುದು.

ರಾತ್ರಿ ಊಟದ ಹೊತ್ತಿಗೆ ವಿದ್ಯುತ್ ಹೋಯಿತು. ಕಾಲು ಗಂಟೆ ಬಿಟ್ಟು ಬಂದಾಗ ಟಾರ್ಚ್ ಹಿಡಿದು ಪಂಪ್‌ಮನೆಗೆ ನಡೆದೆ. ಲಾಗ್‌ನಲ್ಲಿ ಮೊದಲ ಸಾಲು ಇನೋಎಂಟ್, ಅಂಥ ಕಡತವಿಲ್ಲ. ಐದು ಸೆಕೆಂಡಿನ ನಂತರದ ಎರಡನೆಯ ಸಾಲೂ ಅದೇ. ಮೂರನೆಯ ಸಾಲಿನಲ್ಲಿ 231 ವೋಲ್ಟ್. ಡೆವ್ ಡೈರೆಕ್ಟರಿಯ ಪಟ್ಟಿ ತೆಗೆದೆ. ಟಿಟಿವೈಯುಎಸ್‌ಬಿ0 ಇದ್ದ ಸಾಲಿನ ಮೊದಲ ಅಕ್ಷರ ‘ಸಿ’.